ಚೌಡತ್ತೆಯ ಗಾದಿ ಷರಾಯಿ

ಸತ್ತವರನ್ನೆಲ್ಲ ದೇವರು ಮಾಡಿ ಕೂರಿಸುವ ಕೆಟ್ಟ ಚಾಳಿ ನಮ್ಮ ಮನೆಯವರಿಗಿದೆ. ಬದುಕಿದ್ದಾಗ ಒಂದು ಲೋಟ ಮಜ್ಜಿಗೆ ಕೊಡಲು ಗೊಣಗಿದವರೂ ಪಟಕ್ಕೆ ಹಾರ ಬಿದ್ದ ಮೇಲೆ ತ್ಯಾಗಮೂರ್ತಿಗಳಾಗಿಬಿಡುತ್ತಾರೆ. ನನ್ನ ಸೋದರತ್ತೆ ಚೌಡಮ್ಮನಿಗೂ ಈಗ ಅದೇ ಗತಿ ಬಂದಿದೆ. ಗಂಡ ಮರದಿಂದ ಬಿದ್ದು ಕಾಲು ಮುರಿದುಕೊಂಡಾಗ ಸಂಸಾರಕ್ಕಾಗಿ ಹುಣಸೆ ಮರ ಹತ್ತಿದ ಮಹಾತಾಯಿ ಎಂದು ಮದುವೆ ಮನೆಗಳಲ್ಲಿ ನಮ್ಮವರು ಕಣ್ಣೊರೆಸಿಕೊಳ್ಳುತ್ತಾರೆ. ಹತ್ತಿದ್ದು ನಿಜ. ಆದರೆ ಹತ್ತುವ ಮುಂಚೆ ನ್ಯಾಮತಿಯ ದರ್ಜಿಯ ಹೆಂಡತಿಯನ್ನು ಹಿಡಿದು ನಿಲ್ಲಿಸಿ, "ಹಿಂದಿನಿಂದ ನೋಡಿದ್ರೆ ನನ್ನ ಕುಂಡಿ ದಪ್ಪ ಕಾಣಲ್ಲ ತಾನೆ?" ಎಂದು ಕೇಳಿದ್ದೂ ಅಷ್ಟೇ ನಿಜ. ಈ ಎರಡನೆಯದನ್ನು ಬಿಟ್ಟು ಬರೀ ಮೊದಲನೆಯದನ್ನು ಹೇಳಿದರೆ ಅದು ನಮ್ಮತ್ತೆಯ ಕಥೆಯೇ ಅಲ್ಲ. ಆ ಸಿಟ್ಟಿಗೇ ನಾನು ಇದನ್ನು ಬರೆಯಲು ಕೂತಿದ್ದೇನೆ.

ಇದು ನಡೆದಾಗ ನಾನಿನ್ನೂ ಹುಟ್ಟಿರಲಿಲ್ಲ. ಅತ್ತೆಯ ಬಾಯಿಂದಲೇ ಕೇಳಿದ್ದು. ಅವಳು ಒಂದೊಂದು ಸಲ ಒಂದೊಂದು ಥರ ಹೇಳುತ್ತಿದ್ದಳು. ಎಲೆಯಡಿಕೆ ಹದವಾಗಿ ಕೂಡಿದ ದಿನ ಹೇಳುತ್ತಿದ್ದುದೇ ಹೆಚ್ಚು ಸತ್ಯವೆಂದು ನನ್ನ ನಂಬಿಕೆ.

ಎರಡನೇ ಮಹಾಯುದ್ಧ ಇನ್ನೂ ಮುಗಿಯದ ಕಾಲ. ನ್ಯಾಮತಿಯಿಂದ ಸವಳಂಗದ ಕಡೆ ಹೋಗುವ ದಾರಿಯಲ್ಲಿ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು ಏರಿನಲ್ಲಿ ನಿಂತುಬಿಡುತ್ತಿತ್ತು, ಜನ ಇಳಿದು ತಳ್ಳುತ್ತಿದ್ದರು. ಆ ಏರಿನ ಹತ್ತಿರ ದಾರಿ ಬಿಟ್ಟು ಒಳಗೆ ಸರಿದರೆ ಅತ್ತೆಯ ಗಂಡನ ಊರು. ಊರ ಹಿಂದೆ ಹುಣಸೆ ತೋಪು. ತೋಪು ಊರಿನದು, ಉಸ್ತುವಾರಿ ಗೌಡರದು, ಮರ ಹತ್ತಿ ಹಣ್ಣು ಉದುರಿಸುವ ಹಕ್ಕು ಮಾತ್ರ ಅತ್ತೆಯ ಗಂಡ ಮಾರಪ್ಪನ ಮನೆಯವರದು. ಇಳಿದ ಹಣ್ಣಿನಲ್ಲಿ ಅವರಿಗೊಂದು ಪಾಲು. ಹೊಲವಿಲ್ಲದ ಆ ಮನೆ ವರ್ಷವಿಡೀ ಆ ಹುಳಿಯ ಮೇಲೆಯೇ ನಿಂತಿತ್ತು.

ಈ ಹಕ್ಕಿಗೆ ಎರಡು ಕಟ್ಟುಪಾಡುಗಳಿದ್ದವು. ಹಣ್ಣಿಳಿಸುವ ಮೊದಲ ದಿನ ತೋಪಿನ ದೊಡ್ಡಮರವನ್ನು ಆ ಮನೆಯವರೇ ಹತ್ತಬೇಕು, ಹತ್ತದಿದ್ದರೆ ಹಕ್ಕು ಬಿಟ್ಟುಕೊಟ್ಟಂತೆ. ಎರಡನೆಯದು, ಯಾರಾದರೂ ಮರಕ್ಕೆ ಕಾಲಿಡುವ ಮುಂಚೆ ಗೌಡರ ತಾಯಿ ಅಜ್ಜಮ್ಮ ಮರದ ಬುಡದಲ್ಲಿ ಆ ಮನೆಯ ಹೆಂಗಸಿಗೆ ಉಡಿ ತುಂಬಬೇಕು. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಎಲೆಯಡಿಕೆಗಳನ್ನು ಸೀರೆಯ ಮಡಿಲಿಗೆ ಹಾಕಿ ಕಟ್ಟಬೇಕು. ಕಟ್ಟಿದ ಉಡಿಯನ್ನು ಮನೆ ಮುಟ್ಟುವ ತನಕ ಬಿಚ್ಚುವಂತಿಲ್ಲ. ಹಿರಿಯ ಗೌಡರು ಇನ್ನೂ ಮೂಲೆಯಲ್ಲಿ ಕೆಮ್ಮುತ್ತಾ ಗಟ್ಟಿಯಾಗಿದ್ದುದರಿಂದ ಅಜ್ಜಮ್ಮ ಮುತ್ತೈದೆಯೇ. ಹಲ್ಲೊಂದೂ ಉಳಿದಿರಲಿಲ್ಲ, ನಾಲಿಗೆ ಮಾತ್ರ ಪೂರ್ತಿ ಇತ್ತು.

ಹಿಂದಿನ ವರ್ಷ ಹಣ್ಣು ಇಳಿಸುವಾಗ ಮಾರಪ್ಪ ಒಂದು ಟೊಳ್ಳು ಕೊಂಬೆಯ ಮೇಲೆ ಕಾಲಿಟ್ಟು ಬಿದ್ದ. ಮೂಳೆ ಕಟ್ಟುವವನು ಕಟ್ಟಿದ ಕಾಲು ಡೊಂಕಾಗಿ ಕೂಡಿತು. ಅಂದಿನಿಂದ ಅವನು ತೋಪಿನ ಕಡೆ ತಲೆ ಹಾಕಲಿಲ್ಲ. ಬೀದಿಗೆ ಬೆನ್ನು ಹಾಕಿ ಕೂತು ಹಗ್ಗ ಹೊಸೆಯುತ್ತಿದ್ದ. ಹೆಂಡತಿಯ ಜೊತೆಗೂ ಮಾತು ಕಡಿಮೆಯಾಯಿತು. ಅತ್ತೆಗೆ ಕಾಲು ಮುರಿದದ್ದಕ್ಕಿಂತ ಈ ಮೌನವೇ ಹೆಚ್ಚು ಸಂಕಟ ಕೊಟ್ಟಿತಂತೆ. ಜಗಳಕ್ಕಾದರೂ ಒಬ್ಬ ಗಂಡ ಬೇಕಲ್ಲ ಎನ್ನುತ್ತಿದ್ದಳು.

ಮುಂದಿನ ಸುಗ್ಗಿ ಹತ್ತಿರ ಬಂದಾಗ ಗೌಡರು ಮನೆಗೆ ಬಂದರು. ಕಲ್ಲೇಶಪ್ಪ ಗೌಡರು ಕೆಟ್ಟವರೇನಲ್ಲ. ಹೆಂಡತಿಗೆ ಹೆದರುವವರು, ಅಷ್ಟೆ. ಹೆಂಡತಿಯ ತಮ್ಮ ರೇವಣ್ಣ ಯಾವುದೋ ಹಬ್ಬಕ್ಕೆಂದು ಬಂದವನು ಅಲ್ಲೇ ಬೇರು ಬಿಟ್ಟಿದ್ದ. ಅವನಿಗೊಂದು ಕೆಲಸ ಹಚ್ಚಿ ಎಂದು ಗೌಡತಿ ದಿನವೂ ಕುಟುಕುತ್ತಿದ್ದಳು.

"ಏನು ಮಾರಪ್ಪ, ಈ ಸಲ ಹೆಂಗೆ?" ಎಂದರು ಗೌಡರು.

ಮಾರಪ್ಪ ಹಗ್ಗದಿಂದ ಕಣ್ಣೆತ್ತಲಿಲ್ಲ. ಒಳಗಿನಿಂದ ಅತ್ತೆ ಹೇಳಿದಳು, "ನಾನು ಹತ್ತುತೀನ್ರಿ ಗೌಡ್ರೆ."

ಗೌಡರು ನಕ್ಕರು. "ನೀನು ಮರ ಹತ್ತಿದ್ರೆ ಕೆಳಗೆ ನಿಂತೋರ ಗತಿ ಏನಮ್ಮಾ?"

"ಕೆಳಗೆ ನಿಂತೋರು ನೆಲ ನೋಡ್ಲಿ. ಹಣ್ಣು ಬೀಳೋದು ನೆಲಕ್ಕೇ ತಾನೆ?"

ಗೌಡರ ನಗು ನಿಂತಿತು. "ನೋಡು ಚೌಡಮ್ಮ, ಊರಂದ ಮ್ಯಾಲೆ ಮಾನ ಮರ್ಯಾದೆ ಅಂತ ಒಂದು ಐತೆ. ಸೀರೆ ಉಟ್ಕೊಂಡು ಹತ್ತಾಕೆ ನಾನು ಬಿಡಲ್ಲ. ನಿಮ್ಮಿಂದ ಆಗ್ಲಿಲ್ಲ ಅಂದ್ರೆ ರೇವಣ್ಣ ಹತ್ತುತಾನೆ." ಇಷ್ಟು ಹೇಳಿ, ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಎದ್ದು ಹೋದರು.

ಮರ ಹತ್ತುವುದು ಅತ್ತೆಗೆ ಹೊಸದಾಗಿರಲಿಲ್ಲ. ತವರಿನಲ್ಲಿ ಅವಳು ಹತ್ತದ ಮರವಿರಲಿಲ್ಲ, ತಿನ್ನದ ಏಟೂ ಇರಲಿಲ್ಲ. ಆದರೆ ಆಗ ಲಂಗ, ಈಗ ಸೀರೆ. ಕಚ್ಚೆ ಬಿಗಿದು ಹಿತ್ತಲ ಮರದಲ್ಲಿ ಗುಟ್ಟಾಗಿ ಹತ್ತಿ ನೋಡಿದಳು. ಮುರಿದ ಕೊಂಬೆಯ ಮೊಟಕೊಂದು ಸೀರೆಯನ್ನು ಪರ್‍ರೆಂದು ಸೀಳಿತು. ಸೀರೆ ಹರಿಯುವುದೆಂದರೆ ಆಗ ಸಣ್ಣ ಮಾತಲ್ಲ. ಕಂಟ್ರೋಲ್ ಅಂಗಡಿಯ ಮುಂದೆ ಬೆಳಗಿನಿಂದ ಸಾಲು ನಿಂತರೂ ಸೀರೆ ಸಿಗುವುದು ಖಾತ್ರಿಯಿರಲಿಲ್ಲ. ಹರಿದದ್ದು ಅವಳ ಮದುವೆಯ ಕೆಂಪಂಚಿನ ಸೀರೆ, ಮಾಸಿ ಮೆತ್ತಗಾಗಿ ದಿನಬಳಕೆಗೆ ಬಂದಿದ್ದದ್ದು. ಮರದಲ್ಲೇ ಕೂತು ಅದಕ್ಕಾಗಿ ಅತ್ತಳಂತೆ. ಮಾರನೆಯ ದಿನ ಗಂಡನ ಪಂಚೆ ಸುತ್ತಿಕೊಂಡು ಹತ್ತಿದಳು. ಅದು ಸೀರೆಗಿಂತ ಕಡೆ, ಅರ್ಧ ಮರದಲ್ಲೇ ಸೊಂಟ ಬಿಟ್ಟಿತು. ಗಂಡಸರು ಇದನ್ನುಟ್ಟು ಹೇಗೆ ಬದುಕುತ್ತಾರೆಂದು ಅವಳಿಗೆ ಜೀವಮಾನವಿಡೀ ಅರ್ಥವಾಗಲಿಲ್ಲ.

ನ್ಯಾಮತಿಯ ಸಂತೆಗೆ ಹೋದ ದಿನ ದಾರಿ ತಾನಾಗಿ ಕಂಡಿತು. ದರ್ಜಿ ಬಡೇಸಾಬನ ಮನೆಯ ಪಕ್ಕ ಹಾಯುವಾಗ ಅವನ ಹೆಂಡತಿ ಶಹರಬಾನು ಮಾಡಿನ ಮೇಲೆ ಮೆಣಸಿನಕಾಯಿ ಒಣಗಲು ಹಾಕುತ್ತಿದ್ದಳು. ಕಂಕುಳಲ್ಲಿ ಮೊರ. ಉದ್ದ ಅಂಗಿಯ ಕೆಳಗೆ ತೊಟ್ಟ ಇಜಾರದಲ್ಲಿ ಏಣಿಯನ್ನು ಸರಸರ ಇಳಿದಳು, ಸರಸರ ಹತ್ತಿದಳು. ಹಿಡಿಯುವ ಸೆರಗಿಲ್ಲ, ಎತ್ತುವ ನಿರಿಗೆಯಿಲ್ಲ. ಅತ್ತೆ ಕೊತ್ತಂಬರಿ ಬೀಜದ ಗಂಟು ಹಿಡಿದುಕೊಂಡು ಬಾಯಿ ಬಿಟ್ಟು ನಿಂತುಬಿಟ್ಟಳು. ಆಮೇಲೆ ನೇರ ಜಗಲಿಯ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಬಡೇಸಾಬನ ಹತ್ತಿರ ಹೋದಳು.

"ಸಾಬಣ್ಣ, ನಂಗೊಂದು ಷರಾಯಿ ಹೊಲಿದು ಕೊಡ್ರಿ."

ಬಡೇಸಾಬ ಯಂತ್ರ ನಿಲ್ಲಿಸಿದ. ಅವನು ಪೊಲೀಸಿನವರ ಚಡ್ಡಿ, ಮೇಷ್ಟರ ಕೋಟು, ಮದುಮಕ್ಕಳ ಜುಬ್ಬ ಎಲ್ಲ ಹೊಲಿದವನು. ಹುಣಸೆ ಮರ ಹತ್ತುವ ಹೆಂಗಸಿಗೆ ಷರಾಯಿ ಹೊಲಿದವನಲ್ಲ. ಪೂರಾ ಕಥೆ ಕೇಳಿ, ಗಡ್ಡ ಸವರಿಕೊಂಡು, "ಆಗ್ಲಿ ತಂಗಿ, ಅಳತೆ ಕೊಡು" ಎಂದ.

ಅಳತೆಯೆಂದರೆ ಟೇಪು ಹಿಡಿಯುವುದೆಂದು ತಿಳಿಯಬೇಡಿ. ಬಡೇಸಾಬ ಪರಹೆಂಗಸಿನ ಮೈಗೆ ಟೇಪು ಮುಟ್ಟಿಸುವವನಲ್ಲ. ಕುಪ್ಪಸ ಬೇಕಾದವರು ಹಳೇ ಕುಪ್ಪಸ ತಂದು ಕೊಡಬೇಕು, ಅದನ್ನು ನೋಡಿ ಅವನು ಹೊಸದು ಹೊಲಿಯುವನು. ನಮ್ಮ ಕಡೆ ಆಗ ಎಲ್ಲ ದರ್ಜಿಗಳ ಪದ್ಧತಿಯೂ ಅದೇ. ಈಗ ಷರಾಯಿಗೆ ಅಳತೆ ಷರಾಯಿ ಎಲ್ಲಿಂದ ತರುವುದು? ಇಬ್ಬರೂ ಯೋಚಿಸಿ ಯೋಚಿಸಿ ಕೊನೆಗೆ ಬಡೇಸಾಬನೇ ಉಪಾಯ ಹೇಳಿದ. "ನಿನ್ನ ಗಂಡಂದು ಒಂದು ಚಡ್ಡಿ ತಂದು ಕೊಡು. ಅದರ ಮ್ಯಾಲೆ ಉದ್ದ ಬಿಟ್ಟು ಹೊಲಿತೀನಿ. ಗಂಡಸಿನ ಅಳತೆ ಹೆಂಗಸಿಗೆ ದೊಡ್ಡದಾಗ್ತೈತೇ ಹೊರತು ಚಿಕ್ಕದಾಗಲ್ಲ." ಅತ್ತೆಗೂ ಇದು ಸರಿಯೆನಿಸಿತು. ಮಾರಪ್ಪ ಸೌದೆ ಸೀಳಿನಂತೆ ಸಪೂರ. ಅತ್ತೆ ಹಾಗಿರಲಿಲ್ಲ. ಆ ಕ್ಷಣಕ್ಕೆ ಇದು ಇಬ್ಬರಿಗೂ ಹೊಳೆಯಲಿಲ್ಲ.

ಬಟ್ಟೆಯ ಪ್ರಶ್ನೆ ಬಂತು. ಶಹರಬಾನು ಹತ್ತಿ ಹಿಂಜುವ ಪಿಂಜಾರರ ಮನೆಯ ಮಗಳು. ಯುದ್ಧಕ್ಕೆ ಮುಂಚೆ ಅವಳ ತವರಿನವರು ಗಾದಿ ಹೊಲಿಯಲು ತರಿಸಿದ್ದ ಗಟ್ಟಿ ಬಟ್ಟೆಯ ಒಂದು ತುಂಡು ಪೆಟ್ಟಿಗೆಯಲ್ಲಿತ್ತು, ಬಿಳಿಯ ಮೇಲೆ ನೀಲಿ ಪಟ್ಟೆ. ಹುಣಸೆ ಮೊಟಕಿರಲಿ, ಕುಡುಗೋಲಿಗೂ ಬಗ್ಗದ ಬಟ್ಟೆ. ಬದಲಿಗೆ ವರ್ಷಕ್ಕೆ ಬೇಕಾಗುವಷ್ಟು ಹುಳಿ ಕೊಡುವುದೆಂದು ಮಾತಾಯಿತು.

ಮುಂದಿನ ಸಂತೆಗೆ ಷರಾಯಿ ತಯಾರಾಗಿತ್ತು. ಬಟ್ಟೆ ಉಳಿಸಲು ಬಡೇಸಾಬ ಅಡ್ಡ ಇಟ್ಟು ಕತ್ತರಿಸಿದ್ದ, ಪಟ್ಟೆಗಳು ಬಳೆಗಳಂತೆ ಕಾಲು ಸುತ್ತಿದ್ದವು. ಅತ್ತೆ ಒಳಮನೆಗೆ ಹೋಗಿ ತೊಡಲು ನೋಡಿದಳು. ತೊಡೆಯವರೆಗೆ ಬಂತು. ಅಲ್ಲಿಂದ ಮೇಲೆ ಬರುವ ಲಕ್ಷಣ ಕಾಣಲಿಲ್ಲ. ಉಸಿರು ಬಿಗಿ ಹಿಡಿದು, ಗೋಡೆಗೆ ಒರಗಿ, ಕುಪ್ಪಳಿಸಿ ಹೇಗೋ ಏರಿಸಿದಳು. ಕೂತು ನೋಡೋಣವೆಂದು ಕುಕ್ಕರಗಾಲಿಗೆ ಇಳಿಯುವಷ್ಟರಲ್ಲಿ ಹಿಂದಿನ ಹೊಲಿಗೆ ಬಿಟ್ಟ ಸದ್ದು ಜಗಲಿಯ ತನಕ ಕೇಳಿತಂತೆ. ಬಡೇಸಾಬ ಹೊರಗಿನಿಂದಲೇ, "ಏನಾಯ್ತು ತಂಗಿ?" ಎಂದ.

"ಏನಿಲ್ಲ ಸಾಬಣ್ಣ, ನನ್ನ ಗಂಡನ ಅಳತೆ ಮುಗೀತು" ಎಂದಳು ಅತ್ತೆ.

ಒಲೆಯ ಮುಂದಿದ್ದ ಶಹರಬಾನು ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಆಮೇಲೆ ಗಂಡನಿಗೆ ಕೇಳುವಂತೆ ಕೂಗಿ ಹೇಳಿದಳು. "ಇನ್ನು ನೀವು ಆ ಕಡೆ ಕೂತ್ಕೊಂಡು ಚಡ್ಡಿ ಹೊಲೀರಿ. ಇದು ನನ್ನ ಕೆಲಸ. ಈಯಮ್ಮ ನಿಂತ್ಕೊಂಡು ಮಾಡೋ ಕೆಲಸ ಒಂದಾದ್ರೂ ಐತಾ? ಕೂರ್ತಾಳೆ, ಹತ್ತುತಾಳೆ, ಬಗ್ಗುತಾಳೆ. ನಿಂತಿರೋ ಚಡ್ಡಿ ನೋಡಿ ಹೊಲಿದ್ರೆ ಇನ್ನೇನಾಗ್ತೈತೆ?"

ಪರದೆ ಎಳೆದು, ಒಂದು ದಾರದ ಉಂಡೆ ತಂದಳು. ಅತ್ತೆಯನ್ನು ಕುಕ್ಕರಗಾಲಲ್ಲಿ ಕೂರಿಸಿ ಸೊಂಟದಿಂದ ಸೊಂಟಕ್ಕೆ ದಾರ ಹಿಡಿದು ಗಂಟು ಹಾಕಿದಳು. ಒಂದು ಕಾಲನ್ನು ಒರಳುಕಲ್ಲಿನ ಮೇಲೆ ಇಡಿಸಿ ಮಂಡಿಯ ಸುತ್ತ ಗಂಟು ಹಾಕಿದಳು. ಕೈಯನ್ನು ಜಂತೆಗೆ ಚಾಚಿಸಿ ಬೆನ್ನಿನ ಉದ್ದಕ್ಕೆ ಗಂಟು ಹಾಕಿದಳು. ಕೊನೆಗೆ, "ಈಗ ನಗು" ಎಂದಳು.

"ನಗೋದಾ? ಯಾಕೆ ಬೂಬಮ್ಮ?"

"ನಕ್ಕಾಗ ಹೊಟ್ಟೆ ಎಷ್ಟು ಮುಂದೆ ಬರ್ತೈತೆ ಅಂತ ನೋಡಬ್ಯಾಡವಾ? ನೀನು ಮರದ ಮ್ಯಾಲೆ ಸುಮ್ನೆ ಇರೋ ಹೆಂಗಸಲ್ಲ."

ಅತ್ತೆ ನಿಜವಾಗಿಯೂ ನಕ್ಕಳು. ಗಂಡ ಬಿದ್ದ ಮೇಲೆ ಅವಳು ಹೊಟ್ಟೆ ತುಂಬ ನಕ್ಕಿದ್ದು ಅದೇ ಮೊದಲು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಶಹರಬಾನು ಆ ಅಳತೆಗೂ ಒಂದು ಗಂಟು ಹಾಕಿದಳು.

ಆಮೇಲೆ ಉಳಿದ ಗಾದಿ ಬಟ್ಟೆ ಹರಡಿಕೊಂಡು ಇಬ್ಬರು ಹೆಂಗಸರೂ ಮದುವೆಯ ಜವಳಿ ತೆಗೆಯುವವರಂತೆ ಕೂತರು. ಎರಡು ಕಾಲು ಕೂಡುವ ಕಡೆ ಒಂದು ಚೌಕದ ತುಂಡು ಕೂಡಿಸಿದರೆ ಎಷ್ಟು ಕಾಲು ಚಾಚಿದರೂ ಹೊಲಿಗೆ ಬಿಡುವುದಿಲ್ಲ. ಅದನ್ನು ಅವರು ಮಿಯಾನಿ ಎನ್ನುತ್ತಿದ್ದರು. ಅದು ಶಹರಬಾನುವಿನ ಇಜಾರದಲ್ಲೂ ಇತ್ತು. ಇಷ್ಟಾದರೆ ಮರ ಹತ್ತಲು ಸಾಕು. ಆದರೆ ಅತ್ತೆಗೆ ಸಾಕಾಗಲಿಲ್ಲ.

"ಪಟ್ಟೆ ಅಡ್ಡ ಬ್ಯಾಡ. ಅದರಾಗೆ ನಾನು ರಾಗಿ ಕಣಜ ಕಂಡಂಗೆ ಕಾಣ್ತೀನಿ."

"ಉದ್ದಕ್ಕೆ ಬಿಡಾಣ. ಎತ್ತರ ಕಾಣ್ತೀಯ."

"ಮುಂದೆ ನಿರಿಗೆ?"

"ಮುಂದೆ ಬ್ಯಾಡ, ಹೊಟ್ಟೆ ಉಬ್ಬುತೈತೆ. ಮುಂದೆ ಸಪಾಟು, ಹಿಂದೆ ಸಡಿಲ. ಲಾಡಿ ಪಕ್ಕಕ್ಕೆ. ಕಾಲ ಹತ್ರ ಬಿಗಿ ಮಾಡಿ ಒಂದು ಸೀಳು ಬಿಡ್ತೀನಿ, ಕೊಂಬೆಗೆ ಸಿಗಲ್ಲ."

"ಅಂಚು?"

"ಮರ ಹತ್ತೋ ಷರಾಯಿಗೆ ಅಂಚು ಬ್ಯಾರೆ ಬೇಕಾ?"

"ಬೇಕು" ಎಂದಳು ಅತ್ತೆ. ಹರಿದ ಮದುವೆ ಸೀರೆಯನ್ನು ಗಂಟಿನಿಂದ ತೆಗೆದು ಮುಂದಿಟ್ಟಳು. ಅದರ ಕೆಂಪಂಚು ಕಾಲಿಗೂ ಸೊಂಟದ ಪಟ್ಟಿಗೂ ಬಂತು. ಸೆರಗಿನ ಭಾಗವನ್ನು ಹಾಗೇ ಕತ್ತರಿಸಿ, ಕುಪ್ಪಸದ ಮೇಲೆ ಅಡ್ಡ ಹಾಯಿಸಿ ಸೊಂಟಕ್ಕೆ ಸಿಕ್ಕಿಸುವಂತೆ ಮಾಡಿದರು. ಸೆರಗಿಲ್ಲದೆ ಗೌಡರ ಮುಂದೆ ನಿಲ್ಲಲು ಅತ್ತೆಗೂ ನಾಚಿಕೆಯೇ.

ಎಲ್ಲ ಮುಗಿದ ಮೇಲೆ ಅತ್ತೆಗೆ ಉಡಿ ನೆನಪಾಯಿತು. ಮುಖ ಕಪ್ಪಿಟ್ಟಿತು. ಸೀರೆಯಿಲ್ಲದೆ ಮಡಿಲೆಲ್ಲಿ? ಮಡಿಲಿಲ್ಲದೆ ಉಡಿಯೆಲ್ಲಿ? ಉಡಿ ತುಂಬದೆ ಮರಕ್ಕೆ ಕಾಲಿಡುವಂತಿಲ್ಲ. ಗೌಡರು ಇದನ್ನು ಹಿಡಿದೇ ಹಿಡಿಯುತ್ತಾರೆ.

ಶಹರಬಾನುವಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಕೇಳಿಕೊಂಡು ಸೂಜಿಗೆ ಮತ್ತೆ ದಾರ ಪೋಣಿಸಿದಳು. "ಉಡಿ ಅಂದ್ರೆ ಎಷ್ಟು ಹಿಡೀಬೇಕು?"

"ಅಜ್ಜಮ್ಮನ ಕೈಯಾಗೆ ಬಂದಷ್ಟು. ಮ್ಯಾಲೆ ಕೊಬ್ಬರಿ ಬಟ್ಟಲು."

ಸೀರೆಯಲ್ಲಿ ಉಳಿದಿದ್ದ ನಡುಭಾಗವನ್ನು, ಎಷ್ಟೋ ವರ್ಷ ಅತ್ತೆಯ ಮಡಿಲಾಗಿದ್ದ ಅದೇ ತುಂಡನ್ನು, ಶಹರಬಾನು ಎರಡು ಪದರ ಮಡಿಸಿ ಷರಾಯಿಯ ಮುಂದೆ ಅಗಲವಾದ ಜೇಬಾಗಿ ಹೊಲಿದಳು. ಬಾಯಿಗೆ ದಾರ, ಎಳೆದರೆ ಮುಚ್ಚಿಕೊಳ್ಳಬೇಕು. ಗೇಣಿಗಿಂತ ಆಳ.

ತೊಟ್ಟು ನೋಡುವ ದಿನ ಮನೆಯಲ್ಲಿದ್ದದ್ದು ಅಂಗೈಯಗಲದ ಕನ್ನಡಿ. ಶಹರಬಾನು ಅದನ್ನು ಹಿಡಿದು ಮೇಲಿಂದ ಕೆಳಗೆ ಇಳಿಸಿದಳು. ಅತ್ತೆ ತನ್ನನ್ನು ತುಂಡು ತುಂಡಾಗಿ ನೋಡಿಕೊಂಡಳು. ಮುಂದೆ ನೋಡಿದ ಮೇಲೆ ಹಿಂದೆ. ನಾನು ಮೊದಲೇ ಹೇಳಿದ ಪ್ರಶ್ನೆ ಕೇಳಿದ್ದು ಆಗಲೇ.

"ದಪ್ಪ ಕಾಣಲ್ಲ, ಗಟ್ಟಿ ಕಾಣ್ತೈತೆ" ಎಂದಳು ಶಹರಬಾನು. ಅತ್ತೆ ಈ ಮಾತನ್ನು ಸಾಯುವ ತನಕ ಮರೆಯಲಿಲ್ಲ.

ಹರಿದುಹೋದ ಅಡ್ಡಪಟ್ಟೆಯ ಮೊದಲ ಷರಾಯಿಯನ್ನು ಬಡೇಸಾಬ ಮತ್ತೆ ಹೊಲಿದು ಕೊಟ್ಟ. ತಪ್ಪು ತನ್ನದೆಂದು ಅವನಿಗೆ ಮುಜುಗರ. ಅತ್ತೆ ಎರಡನ್ನೂ ಗಂಟು ಕಟ್ಟಿಕೊಂಡು ಮನೆಗೆ ಬಂದು ಗಂಡನ ಮುಂದೆ ಬಿಚ್ಚಿದಳು. ಮಾರಪ್ಪ ಕೆಂಪಂಚನ್ನು ನೋಡಿ ಬಹಳ ದಿನಕ್ಕೆ ಬಾಯಿ ತೆರೆದ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಮತ್ತೆ ಹಗ್ಗ ಹೊಸೆಯತೊಡಗಿದ.

ಹಣ್ಣಿಳಿಸುವ ದಿನ ಬಂತು. ಬೆಳಿಗ್ಗೆಯೇ ಊರ ಹೆಂಗಸರು ಗಂಡಸರು ಕುಕ್ಕೆ, ಗೋಣಿ, ಗಳ ಹಿಡಿದು ತೋಪಿನಲ್ಲಿ ಸೇರಿದರು. ಅಜ್ಜಮ್ಮ ಮೊರದ ತುಂಬ ಉಡಿಯ ಸಾಮಾನು ಇಟ್ಟುಕೊಂಡು ದೊಡ್ಡಮರದ ಬೇರಿನ ಮೇಲೆ ಕೂತಿದ್ದಳು. ರೇವಣ್ಣ ತೆಳುವಾದ ಹೊಸ ಮಲ್ಲು ಪಂಚೆಯುಟ್ಟು, ಮೀಸೆಗೆ ಎಣ್ಣೆ ಹಚ್ಚಿ ಸಿದ್ಧನಾಗಿದ್ದ. ಮಾರಪ್ಪ ಬರುವುದಿಲ್ಲವೆಂದೇ ಅತ್ತೆ ಒಬ್ಬಳೇ ಹೊರಟಿದ್ದಳು. ಆದರೆ ಅವಳು ಬೀದಿ ತಿರುಗುವಾಗ ಹಿಂದೆ ಕೋಲೂರುವ ಸದ್ದು ಕೇಳಿತು. ತಿರುಗಿ ನೋಡಲಿಲ್ಲ. ನೋಡಿದರೆ ಅವನು ನಿಂತುಬಿಡುತ್ತಾನೆಂದು ಹೆದರಿಕೆ.

ಅತ್ತೆ ತೋಪಿಗೆ ಕಾಲಿಟ್ಟಾಗ ಎಲ್ಲರೂ ತಿರುಗಿ ನೋಡಿದರು. ಆಮೇಲೆ ಯಾರೋ, "ಗಾದಿ ಎದ್ದು ಬಂತ್ರೋ!" ಎಂದರು. ತೋಪಿಗೆ ತೋಪೇ ನಕ್ಕಿತು. ಅತ್ತೆಯ ಕಿವಿ ಕೆಂಪಾದವು. ಆದರೂ ಬೆನ್ನು ಬಗ್ಗಿಸಲಿಲ್ಲ, ಯಾಕೆಂದರೆ ಬೆನ್ನು ನೇರ ಇದ್ದರೆ ಷರಾಯಿ ಇನ್ನೂ ಚೆನ್ನಾಗಿ ಕಾಣುತ್ತದೆಂದು ಶಹರಬಾನು ಹೇಳಿ ಕಳಿಸಿದ್ದಳು. ಹೆಂಗಸರ ಸಾಲಿನಲ್ಲಿದ್ದ ಹೊನ್ನೂರಮ್ಮ ಮೆಲ್ಲಗೆ ಹತ್ತಿರ ಬಂದು ಕಾಲಂಚನ್ನು ಮುಟ್ಟಿ, "ಇದನ್ನ ಯಾರು ಹೊಲಿದ್ರೇ?" ಎಂದು ಪಿಸುಗುಟ್ಟಿದ್ದೂ ಆಗಲೇ.

"ಸೀರೇಲಿ ಹತ್ತಬ್ಯಾಡ ಅಂದ್ರಲ್ಲ ಗೌಡ್ರೆ, ಅದಕ್ಕೆ" ಎಂದಳು ಅತ್ತೆ.

ಗೌಡರು ಅತ್ತ ನೋಡಲೋ ಇತ್ತ ನೋಡಲೋ ತಿಳಿಯದೆ ಕೊಂಬೆ ನೋಡಿದರು. "ಅದೆಲ್ಲ ಸರಿ. ಉಡಿ ಎಲ್ಲಿ ತುಂಬೋದು? ಮಡಿಲಿಲ್ಲದ ಬಟ್ಟೆ ಹೆಂಗಸರ ಬಟ್ಟೇನಾ? ಶಾಸ್ತ್ರ ಬಿಟ್ಟು ಮರ ಮುಟ್ಟಾಕೆ ಆಗಲ್ಲ."

"ಮಡಿಲು ಐತ್ರೀ" ಎಂದು ಅತ್ತೆ ಜೇಬಿನ ಬಾಯಿ ಬಿಚ್ಚಿ ತೋರಿಸಿದಳು.

"ಅದು ಜೇಬು! ಜೇಬಿಗೆ ಉಡಿ ತುಂಬಿದ್ದು ಯಾವ ಕಾಲದಾಗೆ ಐತೆ?" ಗೌಡರ ಧ್ವನಿ ಏರಿತು. ಅತ್ತೆ ಅಜ್ಜಮ್ಮನ ಮುಖ ನೋಡಿದಳು. ಅಜ್ಜಮ್ಮ ಕಣ್ಣು ಕಿರಿದು ಮಾಡಿ ಜೇಬನ್ನೇ ನೋಡುತ್ತಿದ್ದಳು, ಏನೂ ಹೇಳಲಿಲ್ಲ. ಗೌಡರು ಆ ಮೌನವನ್ನೇ ಒಪ್ಪಿಗೆ ಮಾಡಿಕೊಂಡು, "ರೇವಣ್ಣ, ಹತ್ತೋ" ಎಂದುಬಿಟ್ಟರು.

ಅತ್ತೆ ಬಿಚ್ಚಿದ ಜೇಬಿನ ದಾರವನ್ನು ಇನ್ನೂ ಹಿಡಿದೇ ಇದ್ದಳು. ಇಷ್ಟೆಲ್ಲ ಮಾಡಿ, ಮರದ ಬುಡದಲ್ಲಿ ನಿಂತು, ತನ್ನ ಮನೆಯ ಅನ್ನ ಬೇರೆಯವನ ಕೈಗೆ ಹೋಗುವುದನ್ನು ನೋಡುವಂತಾಯಿತು.

"ಉಡಿ ತುಂಬಿಲ್ಲ ಕಣೋ" ಎಂದು ಅಜ್ಜಮ್ಮ ಹೇಳುವಷ್ಟರಲ್ಲಿ ರೇವಣ್ಣ ಕಾಂಡ ತಬ್ಬಿಕೊಂಡಿದ್ದ. ಅಕ್ಕನ ಮನೆಯ ತುಪ್ಪದ ಬಲ ಅವನನ್ನು ಎರಡಾಳೆತ್ತರಕ್ಕೆ ಏರಿಸಿತು. ಅಲ್ಲಿಂದ ಮೇಲಿನ ಕವಲಿಗೆ ಕಾಲು ಚಾಚಿದ. ಮಲ್ಲು ಪಂಚೆಯ ಕಚ್ಚೆ ಹಿಂದಿನ ಮೊಟಕಿಗೆ ಸಿಕ್ಕಿಕೊಂಡಿತು. ಅವನು ಮುಂದೆ ಎಳೆದ, ಮೊಟಕು ಹಿಂದೆ ಎಳೆಯಿತು. ಹುಣಸೆ ಮರದ ಜೊತೆ ಜಗ್ಗಾಡಿ ಗೆದ್ದವರಿಲ್ಲ. ಪಂಚೆ ಪೂರಾ ಬಿಚ್ಚಿ ಮೊಟಕಿನಲ್ಲಿ ಉಳಿಯಿತು. ರೇವಣ್ಣ ಲಂಗೋಟಿಯಲ್ಲಿ ಕವಲು ತಬ್ಬಿಕೊಂಡು, ಮೇಲೂ ಹೋಗದೆ ಕೆಳಗೂ ಬಾರದೆ, "ಭಾವಾ, ಭಾವಾ" ಎಂದು ಕೂಗತೊಡಗಿದ.

ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದರು. ಕಣ್ಣಿಗೆ ಮಾತ್ರ ಯಾರೂ ಹಿಡಿಯಲಿಲ್ಲ.

ಅಜ್ಜಮ್ಮ ಮಗನ ಕಡೆ ತಿರುಗಿದಳು. "ಕಲ್ಲೇಶಿ, ಈಗ ಕೆಳಗೆ ನಿಂತೋರ ಗತಿ ಏನೋ?"

ಗೌಡರು ಏಣಿ ತರಿಸಿ ಎಂದರು. ಅಷ್ಟುದ್ದದ ಏಣಿ ಊರಲ್ಲಿರಲಿಲ್ಲ. ಗಂಡಸರಲ್ಲಿ ಯಾರಾದರೂ ಹತ್ತಿ ಎಂದರು. ಎಲ್ಲರೂ ಮೊದಲು ತಮ್ಮ ತಮ್ಮ ಪಂಚೆ ನೋಡಿಕೊಂಡು, ಆಮೇಲೆ ನೆಲ ನೋಡಿದರು.

"ನಾನು ಇಳಿಸ್ತೀನ್ರಿ" ಎಂದಳು ಅತ್ತೆ. "ಆದ್ರೆ ಶಾಸ್ತ್ರ ಬಿಟ್ಟು ಮರ ಮುಟ್ಟಾಕೆ ಆಗಲ್ಲ ಅಂತ ನೀವೇ ಹೇಳಿದ್ರಿ."

ಅಜ್ಜಮ್ಮ ಮೊರ ಹಿಡಿದು ಎದ್ದಳು. ಅತ್ತೆಯ ಹತ್ತಿರ ಬಂದು ಜೇಬಿನ ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ತಿಕ್ಕಿದಳು, ಕೆಂಪಂಚಿನ ಮೇಲೆ ಹೆಬ್ಬೆರಳು ಓಡಿಸಿದಳು.

"ಇದು ನೀನು ಮದುವಣಗಿತ್ತಿಯಾಗಿ ಈ ಮರದ ಬುಡಕ್ಕೆ ಬಂದಾಗ ಉಟ್ಟಿದ್ದ ಸೀರೆ ಅಲ್ಲೇನೇ?"

"ಹೌದ್ರೀ ಅಜ್ಜಮ್ಮ. ಹರೀತು. ಮಡಿಲಿನ ಭಾಗ ಉಳಿಸ್ಕೊಂಡೆ."

ಅಜ್ಜಮ್ಮ ಮಗನ ಕಡೆ ನೋಡಿದಳು. "ನಾನೇ ಉಡಿ ತುಂಬಿದ ಮಡಿಲು ಕಣೋ ಇದು. ಆವತ್ತು ಉಡಿ, ಇವತ್ತು ಜೇಬಾ? ಸರಿಯೋ ಆ ಕಡೆ" ಎನ್ನುತ್ತ ಬೊಗಸೆ ತುಂಬ ಅಕ್ಕಿ ಸುರಿದಳು. ಅಕ್ಕಿ ತಳಕ್ಕೆ ಹೋಗಿ ಕಾಣದಾಯಿತು. ಮತ್ತೆ ಸುರಿದಳು. ಬೆಲ್ಲ ಹಾಕಿದಳು, ಕೊಬ್ಬರಿ ಬಟ್ಟಲು ಹಾಕಿದಳು, ಅರಿಶಿನ, ಎಲೆಯಡಿಕೆ ಹಾಕಿದಳು. ಶಹರಬಾನು ಹೊಲಿದ ಆಳ ಅದು, ಮೊರ ಖಾಲಿಯಾದರೂ ಉಡಿ ತುಂಬಲಿಲ್ಲ. ಗೌಡತಿ ಅಳೆದು ಕಟ್ಟಿಕೊಟ್ಟಿದ್ದ ಸಾಮಾನೆಲ್ಲ ಹೋಯಿತು. ಅಜ್ಜಮ್ಮ ಕೊನೆಗೆ ತನ್ನ ಸೊಂಟದ ಎಲೆಚೀಲದಿಂದಲೂ ಎರಡು ಅಡಿಕೆ ತೆಗೆದು ಹಾಕಿ, ತಾನೇ ದಾರ ಎಳೆದು ಕಟ್ಟಿದಳು. ಅತ್ತೆ ಬಗ್ಗಿ ಅವಳ ಕಾಲು ಮುಟ್ಟಿದಳು. ಬಗ್ಗಿದಾಗ ಹೊಲಿಗೆ ಕಿಟಕ್ಕೆನ್ನಲಿಲ್ಲ.

ಬಟ್ಟೆಯ ಯೋಚನೆಯಲ್ಲಿ ಇಷ್ಟು ದಿನ ಮರೆತಿದ್ದ ಹೆದರಿಕೆ ಮರಕ್ಕೆ ಕಾಲಿಟ್ಟಾಗ ಅತ್ತೆಗೆ ಬಂತು. ಇದೇ ಮರದಿಂದ ತನ್ನ ಗಂಡ ಬಿದ್ದದ್ದು. ಮೊದಲ ಕವಲು ದಾಟಿ, ಮೊಟಕಿನಿಂದ ಪಂಚೆ ಬಿಡಿಸಿ ಕೆಳಗೆ ಎಸೆದಳು. ರೇವಣ್ಣನ ಕಡೆಗೆ ಹೋಗಲು ಬಲಗಡೆಯ ಕೊಂಬೆಯ ಮೇಲೆ ಕಾಲಿಡಲು ಹೋದಳು.

"ಬಲಗಡೇದು ಬ್ಯಾಡ! ಟೊಳ್ಳು ಐತೆ ಅದು. ಎಡಗಡೆ ಇಡು ಚೌಡೀ, ಎಡಗಡೆ!"

ಮಾರಪ್ಪನ ಧ್ವನಿ. ಕೆಳಗೆ ಕೋಲು ಬಿಸಾಡಿ, ಕಾಂಡಕ್ಕೆ ಎರಡೂ ಕೈ ಆನಿಸಿ, ಕತ್ತು ಪೂರಾ ಮೇಲೆತ್ತಿ ನಿಂತಿದ್ದ. ವರ್ಷದಿಂದ ನೆಲ ನೋಡುತ್ತಿದ್ದವನು ಅವನು. ಅತ್ತೆ ಎಡಗಡೆ ಕಾಲಿಟ್ಟಳು. ಅವನು ಇನ್ನೊಂದು ಕೊಂಬೆ ಹೇಳಿದ. ಅಲ್ಲಿಟ್ಟಳು. ಹೀಗೆ ಅವನು ಹೇಳುತ್ತಾ ಇವಳು ಇಡುತ್ತಾ ರೇವಣ್ಣನ ಹತ್ತಿರ ಮುಟ್ಟಿ, ಅವನ ಪಾದ ಒಂದೊಂದನ್ನೇ ಹಿಡಿದು ಸರಿಯಾದ ಕಡೆ ಇರಿಸುತ್ತಾ ಇಳಿಸಿದಳು. ರೇವಣ್ಣ ನೆಲ ಮುಟ್ಟಿದವನೇ ಪಂಚೆಯನ್ನು ಕಂಕುಳಲ್ಲಿ ಅವುಚಿಕೊಂಡು ಅಕ್ಕನ ಮನೆಗೆ ಓಡಿದ. ಆ ವಾರವೇ ತನ್ನ ಊರಿಗೂ ಹೋದ. ಹುಣಸೆ ಮರಕ್ಕೆ ಗೌಡರು ಒಳಗೊಳಗೇ ಕೈ ಮುಗಿದಿರಬೇಕೆಂದು ನನ್ನ ಅನುಮಾನ.

ಅತ್ತೆ ಇಳಿಯಲಿಲ್ಲ. ಮತ್ತೆ ಮೇಲೆ ಹೋದಳು. ಮಾರಪ್ಪ ಗಳ ಎತ್ತಿ ಕೊಟ್ಟ. ನೆತ್ತಿಯ ಕವಲಿನಲ್ಲಿ ಎರಡೂ ಕಡೆ ಕಾಲು ಹಾಕಿ ಕೂತು, ಸೆರಗು ಸರಿಮಾ​ಡಿಕೊಂಡು, ಕೆಳಗೆ ಕೂಗಿದಳು. "ಗೌಡ್ರೆ, ನೆಲ ನೋಡ್ರಿ, ಹಣ್ಣು ಬರ್ತೈತೆ!" ಗಳ ಬೀಸಿದಳು. ಹಣ್ಣು ಸುರಿಯಿತು. ಗೌಡರ ರುಮಾಲಿನ ಮೇಲೂ ಸುರಿಯಿತು. ಅವರು ನೆಲ ನೋಡುತ್ತಲೇ ಇದ್ದರು.

ಸಂಜೆ ಮನೆಗೆ ಬಂದು ಅತ್ತೆ ಉಡಿ ಬಿಚ್ಚಿದಳು. ಅಕ್ಕಿ ಬೆಲ್ಲ ಕೊಬ್ಬರಿ ಎಲ್ಲ ಒಂದಾಗಿ, ಮೈಶಾಖಕ್ಕೆ ಬೆಲ್ಲ ಕರಗಿ ಅಂಟಿಕೊಂಡಿತ್ತು. ಅದನ್ನೇ ಒಂದು ಉಂಡೆ ಮಾಡಿ ಗಂಡನ ಕೈಗಿಟ್ಟಳು. ಮಾರಪ್ಪ ಅದನ್ನು ಮುರಿದು ಅರ್ಧ ಅವಳಿಗೆ ಕೊಟ್ಟ. ಆಮೇಲೆ, "ಆ ಇನ್ನೊಂದು ಷರಾಯಿ ಎಲ್ಲೈತೆ?" ಎಂದ.

"ಅಡ್ಡಪಟ್ಟೇದಾ? ಯಾಕೆ?"

"ನನ್ನ ಅಳತೇದು ತಾನೆ ಅದು?" ಎಂದ ಮಾರಪ್ಪ. "ಡೊಂಕು ಕಾಲಿಗೆ ಪಂಚೆ ತೊಡರ್ತೈತೆ. ನಾಳೆಯಿಂದ ನಾನೂ ಬರ್ತೀನಿ. ಕೊಂಬೆ ಹೇಳಾಕೆ ಯಾರಾದ್ರೂ ಬೇಕಲ್ಲ."

ಆ ರಾತ್ರಿ ಅತ್ತೆ ಬೂಬಮ್ಮ ಶಹರಬಾನು ನಗಿಸಿ ನಗಿಸಿ ಅಳತೆ ತೆಗೆದ ಕಥೆಯನ್ನೆಲ್ಲ ಅವನಿಗೆ ಹೇಳಿದಳು. ಮಾರನೆಯ ಬೆಳಿಗ್ಗೆ ಇಬ್ಬರೂ ಬೀದಿಗಿಳಿದರು. ಅವಳದು ಉದ್ದಪಟ್ಟೆ, ಅವನದು ಅಡ್ಡಪಟ್ಟೆ. ಅವನ ಕೋಲಿನ ಸದ್ದಿಗೆ ತಕ್ಕಂತೆ ಅತ್ತೆ ಹೆಜ್ಜೆ ಸಣ್ಣದು ಮಾಡಿದಳು. ಜಗಲಿಯ ಮೇಲಿದ್ದವರು, "ಗಾದಿ ಹಿಂದೆ ದಿಂಬೂ ಹೊರಡ್ತಲ್ರೋ!" ಎಂದು ನಗಾಡಿದರು. ಬೀದಿಗೆ ಬೆನ್ನು ಹಾಕಿ ಕೂರುತ್ತಿದ್ದ ಮಾರಪ್ಪ ಅವರ ಕಡೆ ಪೂರಾ ತಿರುಗಿ ನಿಂತ.

"ಹೊಟ್ಟೆಕಿಚ್ಚಾದ್ರೆ ನ್ಯಾಮತಿಗೆ ಹೋಗ್ರಿ" ಎಂದ. "ಆದ್ರೆ ಬೂಬಮ್ಮನ ಹತ್ರ ಅಳತೆ ಕೊಡಾಕೆ ಮೊದಲು ನಗೋದು ಕಲೀಬೇಕು."